ಬೈಕಿನ ಜೋಡಿ ಬ್ಯಾಗ್ ಸೈಲೆನ್ಸರ್‌ಗೆ ತಾಗದ ಹಾಗೆ ಕಟ್ಟುವುದು ಹೇಗೆ?

ನೀವು ವಾರಕ್ಕೊಮ್ಮೆ ಬೀದರ್‌ನಿಂದ ಕಲಬುರಗಿಗೆ ಸ್ಪ್ಲೆಂಡರ್‌ನಲ್ಲಿ ಬರುತ್ತೀರಿ, ಹೊಸ ಜೋಡಿ ಬ್ಯಾಗ್ ಕಟ್ಟಿದರೆ ಬಲಗಡೆಯದು ಸೈಲೆನ್ಸರ್ ಹತ್ತಿರ ಜೋತು ಬೀಳುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಕಲಬುರಗಿಯಲ್ಲಿ ಹೊಲಿಗೆ ಮಷಿನ್ ರಿಪೇರಿ ಮಾಡುತ್ತೇನೆ. ಆಳಂದ, ಸೇಡಂ, ಹುಮನಾಬಾದ್ ಅಂತ ಸಾಮಾನು ಹೇರಿಕೊಂಡು ಇದೇ ಗಾಡಿಯಲ್ಲಿ ಓಡಾಡುತ್ತೇನೆ. ಒಂದು ಮಾತು ದಯವಿಟ್ಟು ಕೇಳಿ. ಖಾಲಿ ಬ್ಯಾಗ್ ಕಟ್ಟಿ ನೋಡಿ, ಸರಿ ಇದೆ ಅಂದುಕೊಳ್ಳಬೇಡಿ.

ನಾನು ಮೊದಲ ಸಲ ಹಾಗೇ ಮಾಡಿದ್ದೆ. ಮನೆ ಮುಂದೆ ಖಾಲಿ ಬ್ಯಾಗ್ ಕಟ್ಟಿದೆ, ಚೆಂದ ಕೂತಿತು. ಮರುದಿನ ಪಾನಾ, ಮೋಟರ್, ಬಾಬಿನ್ ಡಬ್ಬಿ ತುಂಬಿಕೊಂಡು ಹುಮನಾಬಾದ್‌ಗೆ ಹೊರಟೆ. ಕಮಲಾಪುರ ದಾಟುವಷ್ಟರಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ. ಯಾರೋ ಹೊಲದಲ್ಲಿ ಕಸ ಸುಡುತ್ತಿದ್ದಾರೆ ಅಂದುಕೊಂಡೆ. ಆದರೆ ವಾಸನೆ ನನ್ನ ಜೊತೆಗೇ ಬರುತ್ತಿತ್ತು. ನಿಲ್ಲಿಸಿ ನೋಡಿದರೆ ಬಲಗಡೆ ಬ್ಯಾಗಿನ ತಳ ಕರಗಿ, ಬೆಲ್ಲದ ಪಾಕದ ಹಾಗೆ ಸೈಲೆನ್ಸರ್‌ಗೆ ಅಂಟಿತ್ತು. ಅಂಗೈ ಅಗಲದ ತೂತು. ಬಾಬಿನ್‌ಗಳೆಲ್ಲ ದಾರಿಯಲ್ಲೇ ಉದುರಿದ್ದವು.

ಹಿಂದೆ ಸಂತೆಗೆ ಹೋಗುವವರು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ ಹಸಿಬೆ ಚೀಲ ನೋಡಿದ್ದೀರಲ್ವಾ? ಇದೂ ಅಂಥದ್ದೇ. ಒಂದು ಕಡೆ ಭಾರ ಜಾಸ್ತಿಯಾದರೆ ಆ ಕಡೆಗೇ ಜಾರುತ್ತದೆ. ಅದಕ್ಕೆ ನಡುವಿನ ಬೆಲ್ಟನ್ನು ಸೀಟಿನ ಮೇಲೆ ಹಾಕಬೇಡಿ. ಸೀಟಿನ ಬೋಲ್ಟ್ ಬಿಚ್ಚಿ, ಬೆಲ್ಟನ್ನು ಅಡಿಯಲ್ಲಿ ಅಡ್ಡಲಾಗಿ ಹಾಯಿಸಿ, ಮತ್ತೆ ಸೀಟು ಕೂರಿಸಿ. ಅಲ್ಲಿರುವ ವೈರ್‌ಗಳು ಬೆಲ್ಟಿನ ಕೆಳಗೆ ಸಿಕ್ಕಿ ಜಜ್ಜಿ ಹೋಗಬಾರದು, ನೋಡಿಕೊಳ್ಳಿ. ಬೆಲ್ಟ್ ಗಿಡ್ಡ ಮಾಡಿದಷ್ಟೂ ಬ್ಯಾಗ್ ಮೇಲೇಳುತ್ತದೆ.

ಎಡಗಡೆ ಸೀರೆ ಗಾರ್ಡ್ ಇದೆ, ಬ್ಯಾಗ್ ಅದಕ್ಕೆ ಒರಗಿ ಕೂರುತ್ತದೆ. ಬಲಗಡೆ ಏನೂ ಇಲ್ಲ, ಬರೀ ಶಾಕ್ ಅಬ್ಸಾರ್ಬರ್, ಕೆಳಗೆ ಸೈಲೆನ್ಸರ್. ಆ ಕಡೆ ಒಂದು ಆಸರೆ ಬೇಕೇ ಬೇಕು. ವೆಲ್ಡಿಂಗ್ ಅಂಗಡಿಗೆ ಗಾಡಿ ತೆಗೆದುಕೊಂಡು ಹೋಗಿ, ಬ್ಯಾಗ್ ತೋರಿಸಿ, ಕಬ್ಬಿಣದ ಸರಳು ಬಾಗಿಸಿ ಬೋಲ್ಟ್ ಹಾಕುವ ಹಾಗೆ ಮಾಡಿಸಿ. ಬ್ಯಾಗ್ ಒಳಕ್ಕೆ ವಾಲಿ ಚಕ್ರಕ್ಕೆ ಹೋಗದ ಹಾಗೆ ಅದು ತಡೆಯುತ್ತದೆ.

ಆಮೇಲೆ ನಿಜವಾದ ಪರೀಕ್ಷೆ. ನೀವು ಒಯ್ಯುವ ಸಾಮಾನನ್ನೇ ತುಂಬಿ. ಭಾರದ್ದು ತಳಕ್ಕೆ, ಎರಡೂ ಕಡೆ ಹೆಚ್ಚು ಕಡಿಮೆ ಸಮ. ನೀವು ಕೂತು, ಹಿಂದೆ ಇನ್ನೊಬ್ಬರನ್ನು ಕೂರಿಸಿ, ಜೋರಾಗಿ ಕುಲುಕಿ. ತುಂಬಿದ ಬ್ಯಾಗ್ ಕುಲುಕಿದಾಗ ಎಷ್ಟು ಕೆಳಗೆ ಜೋತು ಬೀಳುತ್ತದೆ ಅಂತ ಆಗ ಗೊತ್ತಾಗುತ್ತದೆ. ಆ ಹೊತ್ತಿನಲ್ಲೂ ಬ್ಯಾಗಿಗೂ ಸೈಲೆನ್ಸರ್‌ಗೂ ನಡುವೆ ನಾಲ್ಕು ಬೆರಳು ಜಾಗ ಇರಬೇಕು. ಕಡಿಮೆ ಅನಿಸಿದರೆ ಬೆಲ್ಟ್ ಇನ್ನಷ್ಟು ಗಿಡ್ಡ ಮಾಡಿ. ಭಾರಕ್ಕೆ ಗಾಡಿಯ ಹಿಂಭಾಗ ತುಂಬಾ ಇಳಿದರೆ ಶಾಕ್ ಅಬ್ಸಾರ್ಬರ್ ಗಟ್ಟಿ ಮಾಡಿಸಿ, ಸ್ಪ್ಲೆಂಡರ್‌ನಲ್ಲಿ ಅದಕ್ಕೆ 5 ಹಂತ ಇದೆ. ಎರಡೂ ಕಡೆ ಒಂದೇ ಹಂತದಲ್ಲಿರಲಿ. ಇಂಡಿಕೇಟರ್ ಮುಚ್ಚಿಹೋಗಿದೆಯಾ ಅಂತಲೂ ಹಿಂದೆ ನಿಂತು ನೋಡಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಬೆಲ್ಟಿನ ಉಳಿದ ತುದಿಗಳದ್ದು. ಗಾಳಿಗೆ ಹಾರಿ ಚಕ್ರಕ್ಕೆ ಸುತ್ತಿಕೊಂಡರೆ ಗಾಡಿ ಅಲ್ಲೇ ಕಚ್ಚಿಕೊಂಡು ಬೀಳಿಸುತ್ತದೆ. ಸುತ್ತಿ ದಾರದಿಂದ ಕಟ್ಟಿಬಿಡಿ.

ನಮ್ಮ ಬಿಸಿಲಿಗೆ ಪ್ಲಾಸ್ಟಿಕ್ ಬಕಲ್ ಬೇಗ ಪೆಡಸಾಗಿ ಮುರಿಯುತ್ತದೆ, ಹಾಗಾಗಿ ಗಾಡಿ ನೆರಳಲ್ಲಿ ನಿಲ್ಲಿಸಿ. ಮಳೆಗಾಲಕ್ಕೆ ಬ್ಯಾಗಿನ ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲ ಸಾಕು.

ಬೀದರ್ ಬಿಟ್ಟು ಹುಮನಾಬಾದ್‌ನಲ್ಲಿ ಚಹಾಕ್ಕೆ ನಿಂತಾಗ ಬೆಲ್ಟ್ ಒಮ್ಮೆ ಎಳೆದು ನೋಡಿ. ಬಲಗಡೆ ಬ್ಯಾಗಿನ ತಳ ಹುಷಾರಾಗಿ ಮುಟ್ಟಿ. ಬಿಸಿ ಇದ್ದರೆ ಅಲ್ಲೇ ಇನ್ನೂ ಎರಡು ಬೆರಳು ಮೇಲೆತ್ತಿ ಕಟ್ಟಿ, ಆಮೇಲೆ ಕಲಬುರಗಿ ದಾರಿ ಹಿಡಿಯಿರಿ.