ಪ್ರತಿಪಕ್ಷದವರ ಮಾತಿಗೆ ಮೂರು ಪುಟ ಯಾಕೆ ಅಂತ ಕೇಳಿದ ಮಾಷ್ಟ್ರಿಗೆ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ, ರಿಟೈರ್ಡ್ ಮಾಷ್ಟ್ರು, ಹೆಸರು ಹಾಕ್ಬೇಡಿ ಅಂದಿದ್ದಾರೆ. ಹೋದ ಸಂಚಿಕೆಯಲ್ಲಿ ನಾವು ಇಲ್ಲಿನ ಮಂಜೇಶ್ವರ ಕ್ಷೇತ್ರದಿಂದ ಗೆದ್ದು ತಿರುವನಂತಪುರದ ವಿಧಾನಸಭೆಯಲ್ಲಿ ವಿರೋಧ ಪಕ್ಷದ ಸಾಲಲ್ಲಿ ಕೂತ ಶಾಸಕರ ಬಗ್ಗೆ, ಅವರು ನ್ಯಾಯ, ಸಮಾನತೆ, ಕನ್ನಡ ಅಂತ ಮಾತಾಡುವುದರ ಬಗ್ಗೆ ಮೂರು ಪುಟ ಹಾಕಿದ್ದೆವು. ಮಾಷ್ಟ್ರಿಗೆ ಸಿಟ್ಟು ಬಂದಿದೆ. ಅವರು ಹೇಳುವುದು, ಪ್ರತಿಪಕ್ಷದವರ ಮಾತು ಗಾಳಿಗೆ ಹೋಗುವ ಮಾತು, ಬೊಬ್ಬೆ ಹಾಕಿ ವಾಕೌಟ್ ಮಾಡಿ ಕ್ಯಾಂಟೀನಿಗೆ ಹೋಗ್ತಾರೆ ಅಷ್ಟೆ, ಕನ್ನಡದಲ್ಲಿ ಪ್ರಮಾಣವಚನ ತಗೊಳ್ಳುವುದು ವೋಟಿನ ಲೆಕ್ಕ, ಸಮಾನತೆ ಅಂದ್ರೆ ಅವರವರ ಸಮುದಾಯದ ಸಮಾನತೆ. ಕೊನೆಗೆ ಕೆಂಪು ಪೆನ್ನಲ್ಲಿ, ನನ್ನ ಚಂದಾ ನಿಲ್ಲಿಸಿ ಅಂತ ಬರೆದು ಎರಡು ಗೆರೆ ಎಳೆದಿದ್ದಾರೆ.

ಮಾಷ್ಟ್ರೇ, ನಮಸ್ಕಾರ. ವೋಟಿನ ಲೆಕ್ಕ ಅಂದ್ರಲ್ಲ, ಅಲ್ಲಿಂದಲೇ ಶುರು ಮಾಡುವ, ಯಾಕಂದ್ರೆ ಅದರಲ್ಲಿ ನಿಮ್ಮದು ಸರಿ ಉಂಟು. ಮಂಜೇಶ್ವರ ಹೇಳಿದ್ರೆ 2016ರಲ್ಲಿ 89 ವೋಟಿಗೆ, 2021ರಲ್ಲಿ 745 ವೋಟಿಗೆ ತೀರ್ಮಾನ ಆದ ಕ್ಷೇತ್ರ. 89 ಅಂದ್ರೆ ಮದುವೆ ಊಟದಲ್ಲಿ ಎರಡು ಪಂಕ್ತಿ ಜನ ಮಾರಾಯ್ರೆ. ಅಂಥಾ ಕಡೆ ಗೆದ್ದ ಮುಸ್ಲಿಂ ಲೀಗಿನವರು, 2016ರಲ್ಲಿ ಪಿ.ಬಿ. ಅಬ್ದುಲ್ ರಝಾಕ್ ಕನ್ನಡದಲ್ಲಿ ಪ್ರಮಾಣ ತಗೊಂಡದ್ದು, 2021ರ ಮೇ 24ಕ್ಕೆ ಎ.ಕೆ.ಎಂ. ಅಶ್ರಫ್ ತಗೊಂಡದ್ದು, ಇದರಲ್ಲಿ ವೋಟಿನ ಲೆಕ್ಕ ಚೂರೂ ಇರ್ಲಿಲ್ಲ ಅಂತ ನಾನು ಹೇಳಿದ್ರೆ ನೀವು ನಗ್ತೀರಿ. ಇದ್ದಿರಬಹುದು. ಆದ್ರೆ ನಮ್ಮ ವೋಟಿಗೋಸ್ಕರ ಒಬ್ಬ ಮನುಷ್ಯ ನಮ್ಮ ಭಾಷೆ ಮಾತಾಡಿದ್ರೆ ನಮಗೆ ನಷ್ಟ ಎಂತದ್ದು? ನಮ್ಮ ವೋಟಿಗೆ ಬೆಲೆ ಇಲ್ಲದ ದಿನ ಯಾರೂ ಮಾತಾಡುವುದಿಲ್ಲ, ಅದಕ್ಕೆ ನಾನು ಹೆದರುವುದು.

ಮತ್ತೆ ಇನ್ನೊಂದು, ಪ್ರಮಾಣವಚನವನ್ನು ನೀವು ಬರೀ ಶೋ ಅಂತ ತಳ್ಳಿ ಹಾಕಿದ್ದೀರಿ. ಅದೇ 2021ರಲ್ಲಿ ದೇವಿಕುಳಂನ ಎ. ರಾಜಾ ತಮಿಳಲ್ಲಿ ಪ್ರಮಾಣ ತಗೊಂಡ್ರು, ಅವರು ಆಡಳಿತ ಪಕ್ಷದವರೇ, ಆದ್ರೆ ಕೈಗೆ ಸಿಕ್ಕಿದ ತಮಿಳು ಅನುವಾದದಲ್ಲಿ ದೇವರ ಹೆಸರಲ್ಲಿ ಅಂತಲೂ ಇಲ್ಲ, ದೃಢವಾಗಿ ಅಂತಲೂ ಇಲ್ಲ, ಆ ಭಾಗವೇ ಬಿಟ್ಟು ಹೋಗಿತ್ತು, ಜೂನಲ್ಲಿ ಪುನಃ ನಿಂತು ಓದಬೇಕಾಯ್ತು. ಶಾಸಕನ ಕಾಗದವೇ ಹೀಗಾದ್ರೆ ನಮ್ಮ ನಿಮ್ಮ ಕಾಗದದ ಗತಿ ಎಂತ?

ಸಂವಿಧಾನದ 210ನೇ ವಿಧಿ ಒಮ್ಮೆ ತೆಗೆದು ನೋಡಿ, ನಿಮ್ಮ ಕಪಾಟಲ್ಲಿ ಇದ್ದೇ ಇರ್ತದೆ. ಸಭೆಯ ಕೆಲಸ ರಾಜ್ಯದ ಅಧಿಕೃತ ಭಾಷೆಯಲ್ಲಿ, ಇಲ್ಲವೇ ಹಿಂದಿ, ಇಂಗ್ಲಿಷಲ್ಲಿ ನಡೀಬೇಕು, ಇವು ಯಾವುದರಲ್ಲೂ ಸರಿಯಾಗಿ ಹೇಳ್ಲಿಕ್ಕೆ ಬಾರದವರಿಗೆ ಮಾತ್ರ ಮಾತೃಭಾಷೆಯಲ್ಲಿ ಮಾತಾಡ್ಲಿಕ್ಕೆ ಸ್ಪೀಕರ್ ಅನುಮತಿ ಕೊಡಬಹುದು. ಕೊಡಬಹುದು, ಅಷ್ಟೆ. ಇಲ್ಲಿಂದ ಗೆದ್ದು ಹೋಗುವವರಿಗೆಲ್ಲ ಮಲಯಾಳ ನೀರು ಕುಡಿದ ಹಾಗೆ, ಹಾಗಾಗಿ ದಿನಾ ಎದ್ದು ನಿಂತು ಕನ್ನಡದಲ್ಲಿ ಭಾಷಣ ಮಾಡುವ ದಾರಿ ಅಲ್ಲಿ ಸಲೀಸು ಇಲ್ಲ. ಪ್ರಮಾಣದ ಆ ಒಂದು ನಿಮಿಷ ಉಂಟಲ್ಲ, ಅದು ಒಂದು ಸಿಗುವುದು.

ಈಗ ವಾಕೌಟಿನ ವಿಷಯ. ನೀವು ಟಿವಿಯಲ್ಲಿ ನೋಡುವುದು ತುರ್ತು ನಿಲುವಳಿ ಸೂಚನೆಯ ಆಟ, ಅದು ಯಾವಾಗಲೂ ಒಂದೇ ತರ, ಪ್ರತಿಪಕ್ಷದವರು ವಿಷಯ ಎತ್ತುತ್ತಾರೆ, ಮಂತ್ರಿ ಉತ್ತರ ಹೇಳ್ತಾರೆ, ಸ್ಪೀಕರ್ ಅನುಮತಿ ಇಲ್ಲ ಅಂತಾರೆ, ಇವರು ಎದ್ದು ಹೋಗ್ತಾರೆ. ನನಗೂ ಅದು ನೋಡಿ ಬೋರ್ ಹೊಡೆದಿದೆ. ಆದ್ರೆ ಟಿವಿಯಲ್ಲಿ ಬಾರದ ಒಂದು ಕೆಲಸ ಉಂಟು, ಚುಕ್ಕೆ ಗುರುತು ಇಲ್ಲದ ಪ್ರಶ್ನೆ. ಶಾಸಕ ಬರೆದು ಕೇಳ್ತಾನೆ, ಇಲಾಖೆ ಬರೆದು ಉತ್ತರ ಕೊಡಬೇಕು, ಮಂತ್ರಿಯ ಹೆಸರಲ್ಲಿ, ಸಭೆಯ ಮೇಜಿನ ಮೇಲೆ. ಬೊಬ್ಬೆಯೂ ಇಲ್ಲ, ಕ್ಯಾಮೆರಾವೂ ಇಲ್ಲ.

ಅದು ಯಾಕೆ ಬೇಕು ಅಂತ ಹೇಳ್ತೇನೆ. ಹೋದ ಮಳೆಗಾಲದಲ್ಲಿ ನಮ್ಮ ನೆರೆಮನೆಯ ಅಜ್ಜಿಯನ್ನು ಪೆನ್ಶನ್ ವಿಷಯಕ್ಕೆ ಒಂದು ಸರಕಾರಿ ಆಫೀಸಿಗೆ ಕರ್ಕೊಂಡು ಹೋಗಿದ್ದೆ, ಯಾವ ಆಫೀಸು ಅಂತ ಹೇಳುವುದಿಲ್ಲ. ಬೀಡಿ ಕಟ್ಟಿ ಕಟ್ಟಿ ಹೆಬ್ಬೆರಳು ಸವೆದ ಅಜ್ಜಿ, ಮನೆಯಲ್ಲಿ ತುಳು, ಓದ್ಲಿಕ್ಕೆ ಬರೀಲಿಕ್ಕೆ ಕನ್ನಡ, ಐದನೇ ಕ್ಲಾಸು. ಫಾರಂ ಮಲಯಾಳದ್ದು ಮಾತ್ರ. ಕನ್ನಡದ್ದು ಕೇಳಿದ್ರೆ ಕೌಂಟರಿನ ಹುಡುಗ ಸ್ಟಾಕ್ ಇಲ್ಲ ಅಂದ. ಹುಡುಗ ಒಳ್ಳೆಯವನೇ, ತೆಂಕು ಜಿಲ್ಲೆಯವ, ಪೆನ್ನು ತೋರಿಸಿ ತೋರಿಸಿ ಇಲ್ಲಿ ಬರೀರಿ ಅಂದ, ಅಜ್ಜಿ ಕನ್ನಡಕ ಸರಿ ಮಾಡ್ಕೊಂಡು ಉರುಟು ಉರುಟು ಅಕ್ಷರದಲ್ಲಿ ತನ್ನ ಹೆಸರು ಬರೆದ್ರು, ಮನೆ ಹೆಸರಿನ ಚೌಕದಲ್ಲಿ. ನಾನು ಫೋನಲ್ಲಿ ಮಾತಾಡ್ತಾ ಇದ್ದೆ, ನೋಡ್ಲಿಲ್ಲ, ಅದು ನನ್ನದೂ ತಪ್ಪು. ಎರಡು ವಾರ ಕಳೆದು ಅರ್ಜಿ ವಾಪಸ್ ಬಂತು, ಯಾಕೆ ಅಂತ ಬರೆದದ್ದೂ ಮಲಯಾಳದಲ್ಲಿ. ಅಜ್ಜಿ ಆ ಕಾಗದವನ್ನು ದೇವರ ಫೋಟೋದ ಹಿಂದೆ ಇಟ್ಟಿದ್ರು, ಪೆನ್ಶನ್ ಪಾಸಾಯ್ತು ಅಂತ ಎಣಿಸಿ.

ಕಾನೂನು ಇಲ್ಲ ಅಂತಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದ ಜೊತೆ ವ್ಯವಹಾರ ಮಾಡಬಹುದು ಅಂತ ಉಂಟು. 2025ರಲ್ಲಿ ತಂದ ಮಲಯಾಳ ಭಾಷಾ ಮಸೂದೆಗೆ ಸಿದ್ದರಾಮಯ್ಯ ಆಕ್ಷೇಪ ಎತ್ತಿದಾಗ ಪಿಣರಾಯಿ ವಿಜಯನ್ ಕಡೆಯಿಂದ ಬಂದ ಸಮಾಧಾನವೂ ಅದೇ, ಕನ್ನಡದಲ್ಲಿ ಬರೆದ್ರೆ ಕನ್ನಡದಲ್ಲೇ ಉತ್ತರ ಕೊಡುವ ರಕ್ಷಣೆ ಅದರಲ್ಲಿ ಉಂಟು ಅಂತ. ಕಾಗದದಲ್ಲಿ ಉಂಟು ಮಾಷ್ಟ್ರೇ, ಕೌಂಟರಲ್ಲಿ ಸ್ಟಾಕ್ ಇಲ್ಲ. ಈ ಎರಡರ ನಡುವೆ ಕೈ ಹಾಕ್ಲಿಕ್ಕೆ ಆಗುವುದು ಒಬ್ಬ ಶಾಸಕನಿಗೆ. ಮಂಜೇಶ್ವರ, ಕಾಸರಗೋಡು ತಾಲೂಕಿನ ಇಂತಿಂಥಾ ಆಫೀಸಲ್ಲಿ ಕನ್ನಡ ಬಲ್ಲ ಸಿಬ್ಬಂದಿ ಎಷ್ಟು ಜನ, ಕನ್ನಡ ಫಾರಂ ಕಡೇ ಸಲ ಪ್ರಿಂಟ್ ಆದದ್ದು ಯಾವಾಗ, ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಟೀಚರನ್ನು ಹಾಕಿದ್ದು ಎಷ್ಟು ಕಡೆ. ಆಡಳಿತ ಪಕ್ಷದ ಶಾಸಕನಿಗೆ ತನ್ನದೇ ಮಂತ್ರಿಗೆ ಇದನ್ನು ಕೇಳ್ಲಿಕ್ಕೆ ಮುಜುಗರ, ಪ್ರತಿಪಕ್ಷದವನಿಗೆ ಎಂತ ಮುಜುಗರ? ಹೋದ ಸಂಚಿಕೆಯ ಲೇಖನದಲ್ಲಿ ನನಗೆ ಸಾಲದು ಅನಿಸಿದ್ದೂ ಇದೇ. ಸಮಾನತೆ ಸಮಾನತೆ ಅಂತ ಹತ್ತು ಸಲ ಬಂದಿದೆ, ಎಷ್ಟು ಪ್ರಶ್ನೆ ಕೇಳಿದ್ರು ಅಂತ ಒಂದು ಸಲವೂ ಇಲ್ಲ. ಅದಕ್ಕೆ ಬೈದಿದ್ರೆ ತಲೆ ಬಗ್ಗಿಸಿ ಒಪ್ತಿದ್ದೆ.

ಆದ್ರೂ ಆ ಮಾತುಗಳನ್ನು ಪ್ರಿಂಟ್ ಮಾಡುವುದು ಯಾಕೆ ಅಂದ್ರೆ, ಪ್ರತಿಪಕ್ಷದಲ್ಲಿ ಕೂತು ಆಡಿದ ಮಾತು ಒಂದು ಪ್ರೋನೋಟು ಇದ್ದ ಹಾಗೆ. ಕೇರಳದಲ್ಲಿ ಕುರ್ಚಿ ಅದಲು ಬದಲು ಆಗುವುದು ನಮಗೆ ಹೊಸದಾ? ಎಂಡೋಸಲ್ಫಾನ್ ನೋಡಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಲ್ಲಿ ವಿಷ ಹೊಡೆದದ್ದು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ, ಆ ವಿಷ ಬಿದ್ದ ಪಡ್ರೆ ಸ್ವರ್ಗ ನಿಮ್ಮಲ್ಲಿಂದ ಎಷ್ಟು ದೂರ, ನಾನು ಹೇಳ್ಬೇಕಾ. ವಿ.ಎಸ್. ಅಚ್ಯುತಾನಂದನ್ ಪ್ರತಿಪಕ್ಷ ನಾಯಕರಾಗಿದ್ದಾಗ ಈ ವಿಷಯ ಹಿಡ್ಕೊಂಡಿದ್ರು, 2006ರಲ್ಲಿ ಮುಖ್ಯಮಂತ್ರಿ ಆದ ಮೇಲೆ ಸತ್ತವರ ಕುಟುಂಬಕ್ಕೆ 50,000 ರೂಪಾಯಿ ಕೊಟ್ರು. ಹಳೆ ಮಾತು ನೆನಪಿತ್ತು, ಅವರಿಗೂ, ಊರಿಗೂ. ಅದೇ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ಮೂರು ತಿಂಗಳಲ್ಲಿ ಐದೈದು ಲಕ್ಷ ಕೊಡಿ ಅಂತ ಹೇಳಿತು, ಆ ಕೇಸು ಹಾಕಿದ್ದು ಸಿಪಿಎಂನ ಯುವ ಸಂಘಟನೆ ಡಿವೈಎಫ್ಐ, ಆಗ ಸರಕಾರವೂ ಅವರದ್ದೇ ಪಕ್ಷದ್ದು, 2022ರಲ್ಲಿ ಕೋರ್ಟು ಪುನಃ ಗದರಿಸುವ ತನಕ ತುಂಬಾ ಜನರಿಗೆ ಹಣ ಸಿಕ್ಕಿರಲೇ ಇಲ್ಲ. ಮೂರು ತಿಂಗಳು ಐದು ವರ್ಷ ಆಯ್ತು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರ ನವೆಂಬರಲ್ಲಿ ಕಲ್ಲು ಹಾಕಿದ್ದು ಒಂದು ಸರಕಾರ, 2020ರಲ್ಲಿ ಕೋವಿಡ್ ಆಸ್ಪತ್ರೆ ಅಂತ ಅರ್ಧ ಬಾಗಿಲು ತೆಗೆದದ್ದು ಇನ್ನೊಂದು. ಇವರು ಅವರನ್ನು ಕೇಳಿದ್ದೂ, ಅವರು ಇವರನ್ನು ಕೇಳಿದ್ದೂ ನಮ್ಮ ಹಳೆ ಸಂಚಿಕೆಗಳಲ್ಲಿ ಉಂಟು, ಹೆಸರು ಬದಲಾಯಿಸಿದ್ರೆ ಎರಡೂ ಒಂದೇ ಭಾಷಣ. 2020ರ ಮಾರ್ಚಲ್ಲಿ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು, ತಲಪಾಡಿಯಲ್ಲಿ ಮಂಗಳೂರಿಗೆ ಹೋಗುವ ಆಂಬುಲೆನ್ಸ್ ನಿಂತಾಗ ಗೊತ್ತಾಯ್ತಲ್ಲ ಆ ಅರ್ಧ ಬಾಗಿಲಿನ ಬೆಲೆ. ಕರ್ನಾಟಕ ನಮ್ಮನ್ನು ನೋಡ್ಕೊಳ್ತದೆ ಅಂತ ನೀವು ಬರೆದಿದ್ದೀರಿ, ಅದಕ್ಕೆ ನಾನು ಬೇರೆ ಉತ್ತರ ಕೊಡುವುದಿಲ್ಲ.

ಸಮುದಾಯದ ವಿಷಯ ಸ್ವಲ್ಪ ಖಾರವಾಗಿ ಹೇಳ್ತೇನೆ, ಬೇಸರ ಮಾಡ್ಕೊಳ್ಬೇಡಿ. ಲೀಗಿನವರಿಗೆ ಕನ್ನಡದ ಉಸಾಬರಿ ಯಾಕೆ ಅಂತ ನೀವು ಕೇಳಿದ ಧಾಟಿ ನನಗೆ ಹಿಡಿಸ್ಲಿಲ್ಲ. ನಮ್ಮಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರು ಎಷ್ಟು ಜನ ಹೇಳಿ? ತುಳು, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ, ಎಲ್ಲ ಸೇರಿ ಶಾಲೆಯಲ್ಲಿ ಕನ್ನಡ ಕಲಿತವರು ನಾವು. ನಿಮ್ಮ ಕ್ಲಾಸಲ್ಲಿ ಕೂತ ಬ್ಯಾರಿ ಮಕ್ಕಳಿಗೆ ಕನ್ನಡ ಯಾಕೆ ಅಂತ ನೀವು ಕೇಳಿದ್ರಾ? 1957ರಲ್ಲಿ ಎಂ. ಉಮೇಶ್ ರಾವ್ ಮಂಜೇಶ್ವರದಿಂದ ಅವಿರೋಧವಾಗಿ ಆರಿಸಿ ಹೋದಾಗ ಕನ್ನಡದ ದನಿ ಅಂದ್ರೆ ಎಲ್ಲರ ದನಿ ಅಂತಲೇ ಇತ್ತು. ಅದನ್ನು ಒಂದೆರಡು ಜಾತಿಯ ಸ್ವತ್ತು ಮಾಡಿದ್ರೆ ಮುಂದೆ 89 ವೋಟಿನ ಬೆಲೆಯೂ ಉಳಿಯುವುದಿಲ್ಲ. ಇನ್ನು ಎಲ್ಲರೂ ಅನ್ನುವಾಗ ಕೊರಗ ಆದಿವಾಸಿಗಳ ಕಾಲನಿ ನಮ್ಮ ಲೆಕ್ಕದಲ್ಲಿ ಇತ್ತಾ ಅಂತ ಕೇಳಿದ್ರೆ ನಮ್ಮ ಪತ್ರಿಕೆಯ ಮುಖವೂ ಸಣ್ಣದಾಗ್ತದೆ, ಎರಡು ವರ್ಷದಲ್ಲಿ ಒಂದೇ ಲೇಖನ, ಅದೂ ಓಣಂ ಕಿಟ್ ಬಗ್ಗೆ.

ಅಜ್ಜಿಯ ಅರ್ಜಿ ಪುನಃ ಕೊಟ್ಟಿದ್ದೇವೆ. ಈ ಸಲ ಜೊತೆಗೆ ಒಂದು ಕನ್ನಡ ಕಾಗದ, 1969ರ ಕಾಯ್ದೆಯ ಹೆಸರು ಹಾಕಿ, ಉತ್ತರ ಕನ್ನಡದಲ್ಲೇ ಕೊಡಿ ಅಂತ. ಅದರ ಜೆರಾಕ್ಸ್ ಒಂದು ಶಾಸಕರ ಆಫೀಸಿಗೂ ಹೋಗಿದೆ, ಮೇಲೆ ಬರೆದ ಮೂರು ಪ್ರಶ್ನೆಗಳ ಸಮೇತ. ಬಂದ ಉತ್ತರ, ಬಾರದಿದ್ರೆ ಬರ್ಲಿಲ್ಲ ಅಂತ, ಪ್ರಿಂಟ್ ಮಾಡ್ತೇವೆ.

ಚಂದಾದ ವಿಷಯ ಮ್ಯಾನೇಜರ್ ಹತ್ರ ಕೇಳಿದೆ. ನಿಮ್ಮದು ಮಾರ್ಚ್ ತನಕ ಕಟ್ಟಿ ಆಗಿದೆಯಂತೆ, ವಾಪಸ್ ಕೊಡುವ ಕ್ರಮ ನಮ್ಮಲ್ಲಿ ಇಲ್ಲ. ಹಾಗಾಗಿ ಮಾರ್ಚ್ ತನಕ ಬರ್ತಾ ಇರ್ತದೆ, ಓದದಿದ್ರೆ ನಿಮ್ಮಿಷ್ಟ.

ಸಂ.