37ರ ವಯಸ್ಸು, ವಿಧಿವಿಜ್ಞಾನದ ಓದು: ಗದಗಿನ ತಂಗಿಗೆ

ತಂಗಿ, ನೀವು ಕೇಳಿದ್ದು ಇಷ್ಟು: "ಅಕ್ಕಾರ, ನಾ ಗದಗಿನ ಡಯಾಗ್ನಾಸ್ಟಿಕ್ ಲ್ಯಾಬಿನ್ಯಾಗ ಹನ್ನೆರಡು ವರ್ಷದಿಂದ ಕೆಲಸ ಮಾಡಾಕತ್ತೇನಿ. ಧಾರವಾಡ ಯುನಿವರ್ಸಿಟಿ ಬಿ.ಎಸ್‌ಸಿ, ಕೆಮಿಸ್ಟ್ರಿ-ಝೂವಾಲಜಿ, ಫಸ್ಟ್ ಕ್ಲಾಸ್. ಈಗ 37. ಬ್ರಿಟನ್ನಿಗೆ ಹೋಗಿ ಫೊರೆನ್ಸಿಕ್ ಓದಬೇಕಂತ ಭಾಳ ಆಸೆ. ಈ ವಯಸ್ಸಿಗೆ ಸೀಟು ಕೊಡ್ತಾರೇನ್ರಿ? ಮನೆಯವರನ್ನೂ ಮಗಳನ್ನೂ ಕರಕೊಂಡು ಹೋಗಬಹುದೇನು? ಓದಿದ ಮ್ಯಾಲೆ ಅಲ್ಲೇ ನೌಕರಿ ಸಿಗತೈತೇನು?"

ಫೊರೆನ್ಸಿಕ್ ಅಂದರೆ ವಿಧಿವಿಜ್ಞಾನ, ಅಪರಾಧದ ಸಾಕ್ಷ್ಯವನ್ನು ಲ್ಯಾಬಿನಲ್ಲಿ ಪರೀಕ್ಷಿಸುವ ವಿದ್ಯೆ. ಅದಕ್ಕೆ ಸೀಟು ಕೊಡುತ್ತಾರೆ. ಮನೆಯವರನ್ನು ಕರೆದುಕೊಂಡು ಹೋಗಲು ಆಗುವುದಿಲ್ಲ. ನೌಕರಿಯದ್ದೇ ದೊಡ್ಡ ತೊಡಕು. ನಾನು ಸ್ಕಾಟ್ಲೆಂಡಿನ ಗ್ಲಾಸ್ಗೋದ ಲ್ಯಾಬಿನ ಕೆಲಸದಿಂದ ಈ ತಿಂಗಳು ರಜೆಗೆ ಬಂದು ಧಾರವಾಡದ ಮಾಳಮಡ್ಡಿಯಲ್ಲಿ ಅಮ್ಮನ ಮನೆಯಲ್ಲಿದ್ದೇನೆ, ಕೈಯಲ್ಲಿ ಸಮಯವಿದೆ. ಅದಕ್ಕೇ ಉದ್ದಕ್ಕೆ ಬರೆಯುತ್ತೇನೆ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ನನ್ನ ಕಥೆ ಕೇಳಿ ನಿಮಗೆ ಧೈರ್ಯ ಬಂದಿದೆ ಅಂದಿರಿ. ನಾನೂ ನಲವತ್ತು ದಾಟಿದ ಮೇಲೆಯೇ ಓದಿದ್ದು ನಿಜ. ಆದರೆ ನಾನು ಗ್ಲಾಸ್ಗೋಗೆ ಹೋದದ್ದು ನಮ್ಮವರ ನೌಕರಿಯ ಬೆನ್ನಿಗೆ. ಓದಲು ಕೂಡುವ ಹೊತ್ತಿಗೆ ಅಲ್ಲೇ ನೆಲೆ ನಿಂತು ವರ್ಷಗಳಾಗಿದ್ದವು, ಅಲ್ಲಿಯವರ ಫೀಸೇ ಕಟ್ಟಿದೆ, ವೀಸಾದ ಚಿಂತೆ ಇರಲಿಲ್ಲ. ನೀವು ಗದಗಿನಿಂದ ನೇರ ವಿದ್ಯಾರ್ಥಿಯಾಗಿ ಹೊರಡುವವರು. ನಮ್ಮಿಬ್ಬರ ವಯಸ್ಸು ಒಂದೇ ಥರ ಅನ್ನಿಸಿದರೂ ಲೆಕ್ಕ ಬೇರೆ.

ವಯಸ್ಸಿನ ಮಾತು ಬೇಗ ಮುಗಿಸೋಣ. ಅಲ್ಲಿ ಪದವಿಗೆ ಸೇರುವಾಗ 21 ದಾಟಿದ್ದರೆ ಸಾಕು, 'ಮೆಚ್ಯೂರ್ ಸ್ಟೂಡೆಂಟ್' ಅಂತ ಲೆಕ್ಕಕ್ಕೆ ಹಿಡಿಯುತ್ತಾರೆ. 22ರ ಹುಡುಗನೂ ಆ ಪಟ್ಟಿಯಲ್ಲೇ, 52ರ ಅಜ್ಜಿಯೂ ಅದರಲ್ಲೇ. ವಯಸ್ಸಾಯಿತು ಅಂತ ತಿರುಗಿಸಿ ಕಳಿಸಲು 2010ರ ಸಮಾನತೆ ಕಾಯ್ದೆ ಬಿಡುವುದಿಲ್ಲ. ನಮ್ಮ ಕಡೆ ನೋಡಿ, ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ವಯೋಮಿತಿ ಮೂಲತಃ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೆ 40. ಆಗಾಗ ಸಡಿಲಿಕೆ ಕೊಡುತ್ತಾರೆ, ಅದನ್ನು ಆಯಾ ಅಧಿಸೂಚನೆಯಲ್ಲೇ ನೋಡಬೇಕು. ನಿಮ್ಮ ಪಾಲಿಗೆ ಇಲ್ಲಿ ಅಡ್ಡ ಬರುವುದು ವಯಸ್ಸು, ಅಲ್ಲಿ ಅಡ್ಡ ಬರುವುದು ವೀಸಾ.

ಅರ್ಜಿಯ ವಿಷಯ. ಬಿ.ಎಸ್‌ಸಿ ಇದ್ದವರು ಮತ್ತೆ ಪದವಿಗೆ ಸೇರುವ ಅಗತ್ಯವಿಲ್ಲ, ನೇರ ಎಂ.ಎಸ್‌ಸಿ. ಯುಕ್ಯಾಸ್ ಅನ್ನುವ, ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಒಂದೇ ಕಡೆ ಅರ್ಜಿ ಹಾಕುವ ವ್ಯವಸ್ಥೆ ಹೆಚ್ಚಾಗಿ ಪದವಿಯವರಿಗೆ. ಎಂ.ಎಸ್‌ಸಿಗೆ ಸಾಮಾನ್ಯವಾಗಿ ಆಯಾ ವಿಶ್ವವಿದ್ಯಾಲಯದ ಜಾಲತಾಣದಲ್ಲೇ ನೇರ ಅರ್ಜಿ. ಗ್ಲಾಸ್ಗೋದ ಸ್ಟ್ರಾಥ್‌ಕ್ಲೈಡ್ ವಿಶ್ವವಿದ್ಯಾಲಯದಲ್ಲಿ ಈ ಎಂ.ಎಸ್‌ಸಿ 1960ರ ದಶಕದಿಂದ ನಡೆದಿದೆ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲೂ ಇದೆ. ಡಂಡೀಯಲ್ಲಿ ಅಸ್ಥಿ, ಅಂಗರಚನೆಯಿಂದ ವ್ಯಕ್ತಿಯ ಗುರುತು ಹಿಡಿಯುವ ವಿದ್ಯೆ ಹೆಸರುವಾಸಿ. ಯಾವುದೇ ಕೋರ್ಸಿನ ಹೆಸರು ಕಂಡರೂ ಮೊದಲು ನೋಡಬೇಕಾದದ್ದು ಅದಕ್ಕೆ ಚಾರ್ಟರ್ಡ್ ಸೊಸೈಟಿ ಆಫ್ ಫೊರೆನ್ಸಿಕ್ ಸೈನ್ಸಸ್‌ನ ಮಾನ್ಯತೆ ಇದೆಯೋ ಇಲ್ಲವೋ ಅನ್ನುವುದನ್ನು. ಇನ್ನು ಹುಬ್ಬಳ್ಳಿಯ ಕನ್ಸಲ್ಟೆನ್ಸಿಯವರು 'ನಮ್ಮದು ಫ್ರೀ ಸರ್ವಿಸ್ ರೀ' ಅಂದರೆ ಕಮಿಷನ್ ವಿಶ್ವವಿದ್ಯಾಲಯದಿಂದ ಬರುತ್ತದೆ ಅಂತ ತಿಳಿಯಿರಿ. ಕೇಳಿದ ಕಾಲೇಜು ಬಿಟ್ಟು ಬೇರೆಯದನ್ನೇ ಯಾಕೆ ಹೊಗಳುತ್ತಾರೆ ಅನ್ನುವುದಕ್ಕೆ ಬಹಳ ಸಲ ಕಾರಣ ಅಲ್ಲೇ ಸಿಗುತ್ತದೆ.

ಕಾಗದಪತ್ರದಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಮೊದಲ ಏಟು ಬೀಳುವುದು ಹೆಸರಿನಲ್ಲಿ. ಮಾರ್ಕ್ಸ್ ಕಾರ್ಡಿನಲ್ಲಿ ಅಡ್ಡಹೆಸರು ಮುಂದೆ, ಅಪ್ಪನ ಹೆಸರು ಹಿಂದೆ. ಆಧಾರಿನಲ್ಲಿ ಗಂಡನ ಹೆಸರು. ಪಾಸ್‌ಪೋರ್ಟಿನಲ್ಲಿ ಇನ್ನೊಂದು ಥರ. ಮನೆಯಲ್ಲಿ ಎಲ್ಲರಿಗೂ ಇದು ಒಬ್ಬಳೇ ಅಂತ ಗೊತ್ತು, ಗ್ಲಾಸ್ಗೋದ ಅಡ್ಮಿಷನ್ ಆಫೀಸಿನವರಿಗೆ ಮೂರು ಹೆಂಗಸರು ಕಾಣುತ್ತಾರೆ. ಪಾಸ್‌ಪೋರ್ಟಿನ ಹೆಸರನ್ನೇ ಹಿಡಿದು ಉಳಿದದ್ದಕ್ಕೆ ಅಫಿಡವಿಟ್ಟು, ಮದುವೆ ನೋಂದಣಿ ಪತ್ರ ಜೋಡಿಸಿಡಿ. ಯುನಿವರ್ಸಿಟಿ ಇರುವ ಪಾವಟೆ ನಗರಕ್ಕೆ ಹೋಗಿ ಅಂಕಗಳ ಅಧಿಕೃತ ಪಟ್ಟಿಗೆ, ಅಂದರೆ ಟ್ರಾನ್ಸ್‌ಕ್ರಿಪ್ಟಿಗೆ ಈಗಲೇ ಅರ್ಜಿ ಕೊಡಿ, ಕೊನೇ ಗಳಿಗೆಗೆ ಬಿಡಬೇಡಿ. ಶಿಫಾರಸು ಪತ್ರಕ್ಕೆ ಹಳೆಯ ಮೇಷ್ಟ್ರು ನಿವೃತ್ತರಾಗಿದ್ದರೆ ಗಾಬರಿ ಬೇಡ. ಓದು ಬಿಟ್ಟು ಬಹಳ ವರ್ಷವಾದವರಿಗೆ ಕೆಲಸದ ಮೇಲಧಿಕಾರಿಯ ಪತ್ರವನ್ನೂ ಸಾಕಷ್ಟು ಕಡೆ ಒಪ್ಪುತ್ತಾರೆ. ನಿಮ್ಮ ಪೆಥಾಲಜಿಸ್ಟ್ ಡಾಕ್ಟರೇ ಬರೆಯಲಿ.

'ಯಾಕೆ ಓದಬೇಕು' ಅನ್ನುವ ಹೇಳಿಕೆಯ ಕರಡು ಕಳಿಸಿದ್ದೀರಿ, ಓದಿದೆ. ಟೀವಿಯ ಕ್ರೈಂ ಧಾರಾವಾಹಿಯಿಂದ ಶುರು ಮಾಡಿದ್ದೀರಿ. ಆ ಪ್ಯಾರಾ ಪೂರ್ತಿ ತೆಗೆದುಹಾಕಿ. ಅದನ್ನು 18ರ ಹುಡುಗರೆಲ್ಲ ಬರೆಯುತ್ತಾರೆ. ನಿಮ್ಮ ಹತ್ತಿರ ಅವರಲ್ಲಿ ಇಲ್ಲದ್ದು ಇದೆ. ದಿನಾ ಬೆಳಗ್ಗೆ ಶುಗರ್ ಟೆಸ್ಟಿಗೆ ಬೂದು ಮುಚ್ಚಳದ ಟ್ಯೂಬಿನಲ್ಲಿ ರಕ್ತ ತೆಗೆಯುತ್ತೀರಲ್ಲ, ಅದರೊಳಗಿನ ಫ್ಲೋರೈಡ್ ರಕ್ತಕಣಗಳು ಸಕ್ಕರೆ ತಿನ್ನದಂತೆ ತಡೆಯುತ್ತದೆ. ಕುಡಿದು ಗಾಡಿ ಓಡಿಸಿದವನ ರಕ್ತಕ್ಕೂ ಬಳಸುವುದು ಫ್ಲೋರೈಡನ್ನೇ. ಮಾದರಿ ಲ್ಯಾಬಿಗೆ ಬರುವ ತನಕ ಸೂಕ್ಷ್ಮಜೀವಿಗಳು ಅದರಲ್ಲಿ ಆಲ್ಕೋಹಾಲ್ ಹುಟ್ಟಿಸಬಾರದು, ಇದ್ದದ್ದನ್ನು ತಿನ್ನಲೂಬಾರದು. ಗ್ಲಾಸ್ಗೋದಲ್ಲಿ ನನ್ನ ಮೇಜಿಗೆ ಬರುವುದು ಇಂಥ ಮಾದರಿಗಳೇ. ಅಂದಹಾಗೆ ಸ್ಕಾಟ್ಲೆಂಡಿನಲ್ಲಿ 2014ರ ಡಿಸೆಂಬರಿನಿಂದ ಮಿತಿ 100 ಮಿ.ಲೀ. ರಕ್ತಕ್ಕೆ 50 ಮಿ.ಗ್ರಾಂ., ಗಡಿ ದಾಟಿ ಇಂಗ್ಲೆಂಡಿಗೆ ಹೋದರೆ 80, ನಮ್ಮ ದೇಶದಲ್ಲಿ 30. 60 ಇದ್ದವನು ಇಂಗ್ಲೆಂಡಿನಲ್ಲಿ ಮಿತಿಯೊಳಗೆ, ಗ್ಲಾಸ್ಗೋದಲ್ಲಿ ಅಪರಾಧಿ, ಗದಗಿನಲ್ಲಿ ದುಪ್ಪಟ್ಟು ಅಪರಾಧಿ!

ಇಂಥದ್ದನ್ನು ಬರೆಯಿರಿ. ಹಿಮೋಲೈಸ್ ಆದ, ಅಂದರೆ ರಕ್ತಕಣ ಒಡೆದುಹೋದ ಮಾದರಿ ಬಂದಾಗ ಏನು ಮಾಡುತ್ತೀರಿ, ಲೇಬಲ್ಲಿಗೂ ರಿಜಿಸ್ಟರಿಗೂ ಹೆಸರು ತಾಳೆಯಾಗದಿದ್ದರೆ ರಿಪೋರ್ಟು ತಡೆಹಿಡಿಯುತ್ತೀರೋ ಇಲ್ಲವೋ. ಅರ್ಜಿ ಓದುವ ಮೇಷ್ಟ್ರುಗಳಿಗೆ ಬೇಕಾದದ್ದು ಈ ಸ್ವಭಾವ.

ಓದು ಹೇಗಿರುತ್ತದೆ? ಅರ್ಧ ರಸಾಯನಶಾಸ್ತ್ರ, ಕಾಲುಭಾಗ ಸಂಖ್ಯಾಶಾಸ್ತ್ರ, ಉಳಿದದ್ದು ಬರವಣಿಗೆ ಮತ್ತು ಕೋರ್ಟು. ನೋಟ್‌ಬುಕ್ಕಿನಲ್ಲಿ ತಪ್ಪಾದರೆ ವೈಟ್ನರ್ ಹಚ್ಚುವ ಹಾಗಿಲ್ಲ. ಒಂದೇ ಗೆರೆ ಎಳೆದು, ಹಳೆಯದು ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಸಹಿ ಮತ್ತು ತಾರೀಖು. ಇಲ್ಲಿ ಪೊಲೀಸರು ಬಟ್ಟೆಯಲ್ಲಿ ಹೊಲಿದು ಅರಗಿನ ಮುದ್ರೆ ಒತ್ತಿ ಮುದ್ದೆಮಾಲು ಕಳಿಸುವುದನ್ನು ನೀವು ನೋಡಿರಬಹುದು. ಅಲ್ಲಿ ಅದರ ಬದಲು ನಂಬರಿನ ಪ್ಲಾಸ್ಟಿಕ್ ಚೀಲ. ಒಮ್ಮೆ ತೆರೆದರೆ ಮತ್ತೆ ಮೊದಲಿನಂತೆ ಮುಚ್ಚಲು ಬರುವುದಿಲ್ಲ. ಯಾರ ಕೈಯಿಂದ ಯಾರ ಕೈಗೆ, ಎಷ್ಟು ಗಂಟೆಗೆ ಅನ್ನುವುದು ಅದರ ಮೇಲೇ ಇರುತ್ತದೆ. ಎರಡರ ಉದ್ದೇಶವೂ ಒಂದೇ.

ನಕಲಿ ಕೋರ್ಟು ಅಂತ ಒಂದು ಪಾಠ ಇರುತ್ತದೆ, ಅದಕ್ಕೆ ಎಲ್ಲರೂ ಹೆದರುತ್ತಾರೆ. ವಕೀಲನ ಪಾತ್ರದವನು 'ಇದು ಅದೇ ಪ್ಯಾಂಟಿನ ನೂಲು ಅಂತ ಖಾತ್ರಿ ಹೇಳುತ್ತೀರಾ?' ಅಂತ ಕೇಳುತ್ತಾನೆ. ಹೌದು ಅಂದರೂ ಸಿಕ್ಕಿಬಿದ್ದಿರಿ, ಗೊತ್ತಿಲ್ಲ ಅಂದರೂ ಸಿಕ್ಕಿಬಿದ್ದಿರಿ. ಸಾಕ್ಷ್ಯ ಒಂದು ವಾದಕ್ಕೆ ಇನ್ನೊಂದಕ್ಕಿಂತ ಎಷ್ಟು ಬಲ ಕೊಡುತ್ತದೆ ಅಂತಷ್ಟೇ ಹೇಳುವುದನ್ನು ಅಲ್ಲಿ ರೂಢಿ ಮಾಡಿಸುತ್ತಾರೆ. ಇದರಲ್ಲಿ ವಯಸ್ಸಾದವರು ಹುಡುಗರಿಗಿಂತ ಮುಂದೆ, ಇದು ನಾನು ಕಣ್ಣಾರೆ ಕಂಡದ್ದು. ಸಂಸಾರ ಮಾಡಿದವರಿಗೆ ಅಡ್ಡಪ್ರಶ್ನೆ ಹೊಸದಲ್ಲ.

ಈಗ ದುಡ್ಡು. ಹೊರದೇಶದವರಿಗೆ ಇಂಥ ಎಂ.ಎಸ್‌ಸಿಯ ಫೀಸು 25 ಸಾವಿರ ಪೌಂಡಿನ ಆಸುಪಾಸು, ಕೆಲವು ಕಡೆ ಇನ್ನೂ ಹೆಚ್ಚು. ಲಂಡನ್ ಹೊರಗೆ ಓದುವವರು ಜೀವನಕ್ಕೆ ಅಂತ ತಿಂಗಳಿಗೆ 1,171 ಪೌಂಡಿನಂತೆ 9 ತಿಂಗಳದ್ದನ್ನು, ಅಂದರೆ 10,539 ಪೌಂಡು, ಸತತ 28 ದಿನ ಖಾತೆಯಲ್ಲಿ ತೋರಿಸಬೇಕು. ಇದು 2025ರ ನವೆಂಬರಿನಿಂದ ಬಂದ ದರ. ಆರೋಗ್ಯದ ಸರ್‌ಚಾರ್ಜು ವರ್ಷಕ್ಕೆ 776, ಒಂದು ವರ್ಷದ ಎಂ.ಎಸ್‌ಸಿ ವೀಸಾ ವರ್ಷ ದಾಟುವುದರಿಂದ ಒಂದೂವರೆ ವರ್ಷದ ಲೆಕ್ಕ ಹಿಡಿದು ಒಟ್ಟು 1,164 ಆಗುತ್ತದೆ. ವೀಸಾ ಫೀಸು 500 ದಾಟಿದೆ. ಮೇಲೆ ಕ್ಷಯರೋಗ ತಪಾಸಣೆ, ಇಂಗ್ಲಿಷ್ ಪರೀಕ್ಷೆ. ಪೌಂಡಿಗೆ 115 ರೂಪಾಯಿ ಹಿಡಿದರೂ ವಿಮಾನದ ಟಿಕೀಟು ಬಿಟ್ಟು 43 ಲಕ್ಷದ ಹತ್ತಿರ. ನಿಮ್ಮ ಊರಲ್ಲಿ ಆ ದುಡ್ಡಿಗೆ ಏನೇನು ಬರುತ್ತದೆ ಅಂತ ನಿಮಗೇ ಗೊತ್ತು. ಕ್ಲಾಸು ನಡೆಯುವಾಗ ವಾರಕ್ಕೆ 20 ತಾಸು ದುಡಿಯಲು ಬಿಡುತ್ತಾರೆ. ಅದರಿಂದ ಕಿರಾಣಿ, ಬಸ್ಸು ನಡೆದೀತು. ಸಾಲದ ಕಂತು ತೀರಲಾರದು.

ಮನೆಯವರ ವಿಷಯದಲ್ಲಿ ನಿಯಮ ಖಡಕ್ಕಾಗಿದೆ. 2024ರ ಜನವರಿಯಿಂದ ಕ್ಲಾಸಿನ ಮೂಲಕ ಕಲಿಸುವ ಎಂ.ಎಸ್‌ಸಿಯವರು ಗಂಡ, ಮಕ್ಕಳನ್ನು ಅವಲಂಬಿತರಾಗಿ ಕರೆತರುವಂತಿಲ್ಲ. ಪಿಎಚ್‌.ಡಿ ಮತ್ತು ಸಂಶೋಧನೆಯ ಪದವಿಗೆ ಸಾಮಾನ್ಯವಾಗಿ ಅವಕಾಶ. ಅಂದರೆ ಮಗಳನ್ನು ಬಿಟ್ಟು ಒಂದು ವರ್ಷ. ಡಿಸೆಂಬರಿನಲ್ಲಿ ಗ್ಲಾಸ್ಗೋದಲ್ಲಿ ಮಧ್ಯಾಹ್ನ ಮುಕ್ಕಾಲು ನಾಲ್ಕಕ್ಕೆ ಸೂರ್ಯ ಮುಳುಗಿ ಮರುದಿನ ಬೆಳಗ್ಗೆ ಮುಕ್ಕಾಲು ಒಂಬತ್ತಕ್ಕೆ ಏಳುತ್ತಾನೆ. ಹಾಸ್ಟೆಲ್ ಕೋಣೆಗೆ ಮರಳಿ ಬಂದು ವಿಡಿಯೋ ಕಾಲ್ ಮಾಡಿದಾಗ ಗದಗಿನಲ್ಲಿ ರಾತ್ರಿ ಹತ್ತೂವರೆ, ಹುಡುಗಿ ಮಲಗಿರುತ್ತಾಳೆ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಮಕ್ಕಳನ್ನು ಬಿಟ್ಟು ಬಂದವರು ಚಳಿಗಿಂತ ಈ ಐದೂವರೆ ತಾಸಿನ ವ್ಯತ್ಯಾಸವನ್ನೇ ಹೆಚ್ಚು ಬೈಯುತ್ತಾರೆ.

ನೌಕರಿ. ಇಂಗ್ಲೆಂಡು-ವೇಲ್ಸಿನಲ್ಲಿ ಮೊದಲು ಸರ್ಕಾರದ್ದೇ ಫೊರೆನ್ಸಿಕ್ ಸೈನ್ಸ್ ಸರ್ವಿಸ್ ಇತ್ತು. ನಷ್ಟ ಅಂತ ಹೇಳಿ 2012ರಲ್ಲಿ ಮುಚ್ಚಿದರು. ಈಗ ಆ ಕೆಲಸ ಯೂರೋಫಿನ್ಸ್‌ನಂಥ ಖಾಸಗಿ ಕಂಪನಿಗಳ ಮತ್ತು ಪೊಲೀಸರದ್ದೇ ಲ್ಯಾಬುಗಳ ಕೈಯಲ್ಲಿದೆ. ಸ್ಕಾಟ್ಲೆಂಡಿನಲ್ಲಿ ಪೊಲೀಸ್ ಪ್ರಾಧಿಕಾರದ ಕೆಳಗೆ ಬೇರೆ ವ್ಯವಸ್ಥೆ. ಎಲ್ಲಿಗೆ ಹೋದರೂ ಪೊಲೀಸ್ ವೆಟ್ಟಿಂಗ್, ಅಂದರೆ ಹಿನ್ನೆಲೆಯ ತಪಾಸಣೆ, ಆಗಲೇಬೇಕು. ಅದಕ್ಕೆ ಸಾಮಾನ್ಯವಾಗಿ ಕಳೆದ 3 ವರ್ಷ ಬ್ರಿಟನ್ನಿನಲ್ಲೇ ವಾಸವಿರಬೇಕು, ಇಲ್ಲದಿದ್ದರೆ ಹಿನ್ನೆಲೆ ಪರಿಶೀಲಿಸಲು ಆಗದು ಅನ್ನುತ್ತಾರೆ. ಓದು ಮುಗಿದ ಮೇಲಿನ ಗ್ರ್ಯಾಜುಯೇಟ್ ವೀಸಾ ಈಗ 2 ವರ್ಷ, 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳು. ಲೆಕ್ಕ ಹಾಕಿ ನೋಡಿ: ಓದಿನ ಒಂದು ವರ್ಷ, ಮೇಲೆ ಒಂದೂವರೆ. 3 ವರ್ಷ ಆಗುವುದರೊಳಗೆ ವೀಸಾ ಮುಗಿಯುತ್ತದೆ. ಆಮೇಲೆ ಉಳಿಯಲು ಕೆಲಸದ ವೀಸಾ ಬೇಕು. ಹೊಸಬರಿಗೂ ವರ್ಷಕ್ಕೆ 33,400 ಪೌಂಡು ಸಂಬಳ ಕೊಡುವ, ಪದವಿ ಮಟ್ಟದ ಹುದ್ದೆ ಆಗಿರಬೇಕು. ಲ್ಯಾಬಿನ ಆರಂಭದ ಸಹಾಯಕ ಹುದ್ದೆಗಳ ಸಂಬಳ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ನಿಮ್ಮ ಅಂಕ ಎಷ್ಟೇ ಚೆನ್ನಾಗಿದ್ದರೂ ಈ ಗಂಟು ಬಿಚ್ಚುವುದಿಲ್ಲ.

ಹಾಗಾದರೆ ನನ್ನ ಮಾತು ಏನು? ಬ್ರಿಟನ್ನಿನಲ್ಲೇ ಉಳಿಯುವುದು ನಿಮ್ಮ ಗುರಿಯಾದರೆ 'ಫೊರೆನ್ಸಿಕ್' ಅನ್ನುವ ಹೆಸರಿನ ಹಿಂದೆ ಹೋಗಬೇಡಿ. ಅನಾಲಿಟಿಕಲ್ ಕೆಮಿಸ್ಟ್ರಿ ಅಥವಾ ಟಾಕ್ಸಿಕಾಲಜಿಯ (ವಿಷವಿಜ್ಞಾನದ) ಎಂ.ಎಸ್‌ಸಿ ನೋಡಿ. ಯಂತ್ರಗಳು ಅವೇ, ಕಲಿಕೆ ಅದೇ. ಔಷಧ ಕಂಪನಿ, ಆಹಾರ, ನೀರು ಪರೀಕ್ಷೆಯ ಲ್ಯಾಬುಗಳಲ್ಲೂ ಅದು ನಡೆಯುತ್ತದೆ, ಅಲ್ಲಿ ಪೊಲೀಸ್ ವೆಟ್ಟಿಂಗ್ ಕೇಳುವುದಿಲ್ಲ. ವಿಧಿವಿಜ್ಞಾನವೇ ಬೇಕು ಅಂತಿದ್ದರೆ, ಅದಕ್ಕೆ ಸಮುದ್ರ ದಾಟುವ ಮೊದಲು ಗದಗಿನಿಂದ ರೈಲು ಹತ್ತಿ ಧಾರವಾಡಕ್ಕೆ ಬನ್ನಿ. ನಿಮ್ಮ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗ ಇದೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಮೂಲ ಗಾಂಧಿನಗರದಲ್ಲಿ, ಧಾರವಾಡದ ಅದರ ಕ್ಯಾಂಪಸ್ಸಿಗೆ 2023ರ ಜನವರಿ 28ರಂದು ಶಂಕುಸ್ಥಾಪನೆ ಆಯಿತು. ನನ್ನ ಕಾಲದಲ್ಲಿ ಇದು ಇದ್ದಿದ್ದರೆ ಅಪ್ಪ ನನ್ನನ್ನು ಅಲ್ಲಿಗೇ ಸೇರಿಸುತ್ತಿದ್ದರೋ, 'ಹೆಣದ ಕೆಲಸ ಬ್ಯಾಡವಾ' ಅನ್ನುತ್ತಿದ್ದರೋ ಹೇಳಲು ಬರುವುದಿಲ್ಲ.

ಇಲ್ಲಿ ಕೆಲಸ ಹೆಚ್ಚುವ ಲಕ್ಷಣವೂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮಿನ ಪ್ರಕಾರ, 7 ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು. ರಾಜ್ಯಗಳಿಗೆ ಇದನ್ನು ಅಳವಡಿಸಲು 5 ವರ್ಷದವರೆಗೆ ಸಮಯ ಕೊಟ್ಟಿದ್ದಾರೆ. ಈ ಕೆಲಸದ ತೂಕ ಧಾರವಾಡದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2015ರ ಆಗಸ್ಟ್ 30ರಂದು ಕಲ್ಯಾಣನಗರದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಕೊಂದ ಪಿಸ್ತೂಲೂ ಎರಡು ವರ್ಷದ ನಂತರ ಗೌರಿ ಲಂಕೇಶರನ್ನು ಕೊಂದದ್ದೂ ಒಂದೇ, 7.65 ಮಿ.ಮೀ.ನ ನಾಡ ಪಿಸ್ತೂಲು ಅಂತ ಹೇಳಿದ್ದು ವಿಧಿವಿಜ್ಞಾನ ಪ್ರಯೋಗಾಲಯದ ವರದಿಯೇ. ಮೈಕ್ರೋಸ್ಕೋಪಿನಡಿ ಗುಂಡು, ತೋಟಾಗಳ ಮೇಲಿನ ಗೀರುಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಕೆಲಸ ಅದು.

ಸರ್ಕಾರಿ ಹುದ್ದೆಯ ವಯೋಮಿತಿ ನಿಮ್ಮ ತಲೆಯ ಮೇಲೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಅದಕ್ಕೇ ಪ್ರವೇಶ ಪರೀಕ್ಷೆ, ಅರ್ಜಿ ಏನಿದ್ದರೂ ಈ ವರ್ಷವೇ ಆಗಲಿ.

ನಾನು ಮುಂದಿನ ವಾರದ ಕೊನೆಯವರೆಗೂ ಇಲ್ಲೇ ಇರುತ್ತೇನೆ. ಟ್ರಾನ್ಸ್‌ಕ್ರಿಪ್ಟಿಗೆ ಯುನಿವರ್ಸಿಟಿಗೆ ಹೇಗೂ ಬರಬೇಕಲ್ಲ, ಅದೇ ದಿನ ಮಗಳನ್ನೂ ಕರೆದುಕೊಂಡು ಮನೆಗೆ ಬನ್ನಿ. ಎಲ್ಲ ಮಾರ್ಕ್ಸ್ ಕಾರ್ಡು, ಪಾಸ್‌ಪೋರ್ಟು, ತಿದ್ದಿದ ಕರಡು ಇರಲಿ. ಮಧ್ಯಾಹ್ನ ಎರಡರ ಮೇಲೆ ಬಂದರೆ ಅಮ್ಮನ ನಿದ್ದೆಯ ಹೊತ್ತು, ಅದಕ್ಕೂ ಮುಂಚೆಯೇ ಊಟಕ್ಕೆ ಬಂದುಬಿಡಿ.