ರಸ್ತೆಗಳನ್ನು ನಡೆಯುವವರಿಗೆ ಸುರಕ್ಷಿತವಾಗಿಸುವಾಗ ಅಲ್ಲಿನ ನಿವಾಸಿಗಳನ್ನು ಯಾವಾಗ, ಹೇಗೆ ಸೇರಿಸಿಕೊಳ್ಳಬೇಕು?

ನಕ್ಷೆ ಬರೆಯುವ ಮೊದಲೇ. ನಕ್ಷೆ ಮುಗಿದ ಮೇಲೆ ಸಭೆ ಕರೆದರೆ ಅದು ಸುಮ್ನೆ ಒಪ್ಪಿಗೆ ಕೇಳಿದಂತೆ. ಅದಕ್ಕಿಂತ ಎಲ್ಲರೂ ಒಟ್ಟಿಗೆ ನಡೆದು ನೋಡಿ: ಶಾಲೆ ಬಿಡುವ ಹೊತ್ತಿಗೆ ಒಮ್ಮೆ, ಕತ್ತಲಾದ ಮೇಲೆ ಇನ್ನೊಮ್ಮೆ. ಮಕ್ಕಳು, ಗಾಲಿಕುರ್ಚಿಯಲ್ಲಿ ಓಡಾಡುವವರು, ಕೋಲು ಹಿಡಿದ ಅಜ್ಜಿ ಜೊತೆಗಿರಲಿ. ಫುಟ್‌ಪಾತ್ ಇಳಿಯಲು ಆ ಅಜ್ಜಿ ಕಂಬ ಹಿಡಿದುಕೊಂಡರೆ ಅಲ್ಲಿ ಇಳಿಜಾರು ಬೇಕು ಅಂತ ಬರೆದುಕೊಳ್ಳಿ.

ಎಲ್ಲಕ್ಕಿಂತ ಜಾಸ್ತಿ ಗಮನ ವೇಗದ ಮೇಲಿರಲಿ. ವೇಗ ಎರಡರಷ್ಟಾದರೆ, ಬ್ರೇಕ್ ಹಾಕಿದ ಮೇಲೆ ವಾಹನ ನಿಲ್ಲಲು ನಾಲ್ಕರಷ್ಟು ದೂರ ಬೇಕು. ಮನೆಗಳಿರುವ ಕಡೆ ಗಂಟೆಗೆ 30 ಕಿ.ಮೀ. ಸಾಕು. ಬರೀ ಬೋರ್ಡ್ ನೆಟ್ಟರೆ ಯಾರೂ ನಿಧಾನ ಮಾಡಲ್ಲ, ಅಲ್ವಾ? ವಾಹನಗಳು ನಿಧಾನಿಸಿಯೇ ತಿರುಗುವಂತೆ ರಸ್ತೆ ತಿರುವುಗಳನ್ನು ಬಿಗಿ ಮಾಡಿ, ದಾಟುವ ಜಾಗವನ್ನು ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸಿ. ಮೊದಲು ಈ ಬದಲಾವಣೆಗಳನ್ನು ರಸ್ತೆಗೆ ಬಣ್ಣ ಬಳಿದು, ಹೂಕುಂಡ ಇಟ್ಟು ಕೆಲವು ವಾರ ಪ್ರಯೋಗಿಸಿ. ಜನ ಹೇಳಿದಂತೆ ತಿದ್ದಿಕೊಂಡು ಆಮೇಲೆ ಕಾಂಕ್ರೀಟ್ ಹಾಕಿ.